ಮಧುಮೇಹವೂ ಮಂದಿಯ ಮಾತೂ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ವಿಸ್ತರಿಸಿ ಬರೆಯದೆ ಶಾಲೆಯ ಮೆಟ್ಟಿಲಿಳಿದವರು ನಮ್ಮಲ್ಲಿ ವಿರಳ. ಗಾದೆ ವೇದಕ್ಕೆ ಸಮಾನವೆನ್ನುತ್ತಾರೆ. ಆದರೂ ಇದರ ಪೂರ್ವಾರ್ಧವನ್ನು ಒಂದು ರೋಗದ ವಿಷಯದಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ. ಆ ರೋಗವೇ ಮಧುಮೇಹ. ಹಿತಮಿತವಾಗಿ ಉಂಡವನಿಗೂ ಅದು ಬರುತ್ತದೆ. ಊಟದ ರುಚಿ ಅಭಿರುಚಿಗಳನ್ನು ಇನ್ನೂ ಅರಿಯದ ಮೂರು ವರ್ಷದ ಕೂಸಿಗೂ ಬರುತ್ತದೆ. ಉತ್ತರಾರ್ಧವಾದರೋ ಇಲ್ಲಿ ವಿಶೇಷವಾಗಿ ಮನನಯೋಗ್ಯವಾಗಿದೆ. ಏಕೆಂದರೆ ಈ ರೋಗದೊಡನೆ ಬಾಳುವವರು ದಿನವೂ ಎದುರಿಸಬೇಕಾದುದು ಸೂಜಿಯನ್ನು ಮಾತ್ರವಲ್ಲ, ಸುತ್ತಲಿನವರ ಮಾತನ್ನು ಕೂಡ. ಸೂಜಿಯ ನೋವು ಒಂದು ಕ್ಷಣದ್ದು. ಮಾತಿನ ಪರಿಣಾಮವೇನೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ರೋಗದ ವ್ಯಾಪ್ತಿಯನ್ನು ಗಮನಿಸೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಿ ನಡೆಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ಭಾರತದಲ್ಲಿ ಮಧುಮೇಹವುಳ್ಳವರು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಈ ರೋಗವಿದೆ. ನಮ್ಮ ತರಗತಿಯ ಪ್ರತಿಯೊಬ್ಬರ ಬಂಧುವರ್ಗದಲ್ಲಿಯೂ ಒಬ್ಬರಾದರೂ ಇದ್ದೇ ಇರುತ್ತಾರೆಂಬುದರಲ್ಲಿ ಸಂದೇಹವಿಲ್ಲ.

ಇಷ್ಟು ಸಾಮಾನ್ಯವಾದ ರೋಗದ ಬಗೆಗೆ ಜನರಲ್ಲಿ ತಿಳಿವಳಿಕೆಯೂ ಸಾಮಾನ್ಯವಾಗಿರಬೇಕಿತ್ತು. ನಾನು ವಾಸವಾಗಿರುವ ಅತ್ತಾವರವನ್ನೇ ನೋಡಿ. ಇಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ನೆಟ್ಟ ಗಿಡದ ಕೊಂಬೆ ಅದು. ಅಲ್ಲಿಂದ ತುಸು ದೂರದಲ್ಲೇ ಹಂಪನಕಟ್ಟೆಯ ಸರಕಾರಿ ವೆನ್ಲಾಕ್ ಆಸ್ಪತ್ರೆ. ರಸ್ತೆಯುದ್ದಕ್ಕೂ ಔಷಧದ ಅಂಗಡಿಗಳು, ಬಿಳಿಯ ಕೋಟು ಧರಿಸಿ ನಡೆದಾಡುವ ವೈದ್ಯ ವಿದ್ಯಾರ್ಥಿಗಳು. ಆದರೆ ಆಸ್ಪತ್ರೆಯ ಗೇಟಿನಿಂದ ನೂರು ಹೆಜ್ಜೆ ನಡೆದು ಯಾವುದಾದರೊಂದು ಮನೆಯ ಜಗಲಿಯಲ್ಲಿ ಕುಳಿತರೆ, "ಆಯಗ್ ಶುಗರ್ ಉಂಡುಗೆ" ಎಂಬ ತುಳು ಮಾತು ಏನೋ ಅಪರಾಧದ ಸುದ್ದಿಯಂತೆ ತಗ್ಗಿದ ದನಿಯಲ್ಲಿ ಕೇಳಿಬರುತ್ತದೆ. ಅವನಿಗೆ ಶುಗರ್ ಇದೆಯಂತೆ ಎಂಬುದಷ್ಟೇ ಅದರ ಅರ್ಥ. ದನಿ ಹೇಳುವುದು ಬೇರೆ. ದೀಪದ ಬುಡದಲ್ಲಿ ಕತ್ತಲೆಯೆಂಬುದು ಇದನ್ನೇ.

ಈ ಕತ್ತಲೆಯಲ್ಲಿ ಹುಟ್ಟುವ ಮಾತುಗಳಲ್ಲಿ ಮುಖ್ಯವಾದ ಕೆಲವನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

"ತುಂಬ ಸಿಹಿ ತಿಂದಿರಬೇಕು" ಎಂಬುದು ಮೊದಲನೆಯದು. ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದನೆಯ ಬಗೆಯಲ್ಲಿ ಶರೀರದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿಬಿಡುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ಕಾಣಿಸಿಕೊಳ್ಳುತ್ತದೆ. ತಿಂದ ಲಾಡುವಿಗೂ ಇದಕ್ಕೂ ಸಂಬಂಧವಿಲ್ಲ. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ಅದು ಸಾಕಷ್ಟು ಕೆಲಸ ಮಾಡುವುದಿಲ್ಲ. ಇದಕ್ಕೆ ವಂಶ, ವಯಸ್ಸು, ಮೈತೂಕ, ವ್ಯಾಯಾಮದ ಅಭಾವ ಮೊದಲಾದ ಹಲವು ಕಾರಣಗಳು ಕೂಡಿಕೊಳ್ಳುತ್ತವೆ. ಆಹಾರವೂ ಇವುಗಳಲ್ಲೊಂದು, ನಿಜ. ಆದರೆ ಅದೊಂದನ್ನೇ ಹಿಡಿದು ರೋಗಿಯ ನಾಲಗೆಯನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ನಮ್ಮ ಪ್ರಾಚೀನರಿಗೂ ಈ ವಿವೇಕವಿತ್ತು. ಸುಶ್ರುತ ಸಂಹಿತೆಯು ಪ್ರಮೇಹವನ್ನು ಸಹಜವೆಂದೂ ಅಪಥ್ಯದಿಂದ ಬಂದುದೆಂದೂ ವಿಂಗಡಿಸಿ, ಮೊದಲನೆಯ ಬಗೆಯವನು ಕೃಶನಾಗಿಯೂ ಮಿತಾಹಾರಿಯಾಗಿಯೂ ಇರುತ್ತಾನೆಂದು ವರ್ಣಿಸುತ್ತದೆ. ಇಂದಿನ ವಿಂಗಡಣೆಗೆ ಇದು ಪೂರ್ತಿ ಹೊಂದದಿರಬಹುದು. ಆದರೆ ಎಲ್ಲ ರೋಗಿಗಳೂ ತಿಂದು ಕೆಟ್ಟವರಲ್ಲವೆಂಬ ಅರಿವು ಆ ಕಾಲದಲ್ಲೇ ಇದ್ದಿತೆಂಬುದು ಸ್ಪಷ್ಟ.

"ಆ ಇಂಗ್ಲಿಷ್ ಮದ್ದು ಬಿಡು ಮಾರಾಯ್ತಿ, ದಿನಕ್ಕೊಂದು ಎಲೆ ತಿನ್ನು" ಎಂಬುದು ಎರಡನೆಯದು. ಕರಾವಳಿಯ ಎಷ್ಟೋ ಮನೆಗಳ ಅಂಗಳದಲ್ಲಿ 'ಇನ್ಸುಲಿನ್ ಗಿಡ'ವೆಂಬ ಹೆಸರಿನ ಗಿಡವೊಂದು ಬೆಳೆದಿರುತ್ತದೆ. ಹೆಸರು ಕೇಳಿದವರು ಅದರಲ್ಲಿ ಇನ್ಸುಲಿನ್ ಇದೆಯೆಂದು ಭಾವಿಸುವುದು ಸಹಜ. ಅದರಲ್ಲಿ ಇನ್ಸುಲಿನ್ ಇಲ್ಲ. ಇದ್ದರೂ ಪ್ರಯೋಜನವಿಲ್ಲ, ಇನ್ಸುಲಿನ್ ಒಂದು ಬಗೆಯ ಪ್ರೋಟೀನು, ನುಂಗಿದರೆ ಬೇಳೆಯ ಪ್ರೋಟೀನಿನಂತೆಯೇ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಸೂಜಿಯ ಮೂಲಕ ಕೊಡುವುದು ಇದೇ ಕಾರಣಕ್ಕೆ.

"ಇನ್ಸುಲಿನ್ ಶುರುವಾಯಿತೆಂದರೆ ಕಡೆಯ ಹಂತ" ಎಂಬುದು ಮೂರನೆಯದು. ಚರಿತ್ರೆ ಇದರ ವಿರುದ್ಧ ಸಾಕ್ಷಿ ನುಡಿಯುತ್ತದೆ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸುವ ಮೊದಲು, ಒಂದನೆಯ ಬಗೆಯ ಮಧುಮೇಹ ಬಂದ ಮಗುವನ್ನು ಅರೆಹೊಟ್ಟೆಯಲ್ಲಿಟ್ಟು ಅದರ ಆಯುಷ್ಯವನ್ನು ಕೆಲವು ತಿಂಗಳು ಎಳೆಯುವುದೊಂದೇ ಚಿಕಿತ್ಸೆಯಾಗಿತ್ತು. 1922ರ ಜನವರಿಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಶುದ್ಧೀಕರಿಸಿದ ಮದ್ದನ್ನು ಎರಡನೆಯ ಸಲ ಕೊಟ್ಟಾಗ ಮರಣೋನ್ಮುಖನಾಗಿದ್ದ ಬಾಲಕ ಚೇತರಿಸಿಕೊಂಡ. ಶೋಧಕರು ತಮ್ಮ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಕಡೆಯ ಹಂತದಿಂದ ಮರಳಿ ಕರೆತಂದ ಮದ್ದನ್ನೇ ಕಡೆಯ ಹಂತದ ಗುರುತೆನ್ನುವುದು ಎಂತಹ ವಿಪರ್ಯಾಸ! ಪಾಕಿಸ್ತಾನದ ಕ್ರಿಕೆಟ್ ಆಟಗಾರ ವಾಸಿಂ ಅಕ್ರಮ್ ಅವರಿಗೆ 1997ರಲ್ಲಿ ಮಧುಮೇಹವಿರುವುದು ತಿಳಿಯಿತು. ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಆಡಿ, 2003ರ ವಿಶ್ವಕಪ್ಪಿನಲ್ಲಿ ಏಕದಿನ ಪಂದ್ಯಗಳ 500 ವಿಕೆಟ್ ಪಡೆದ ಮೊದಲ ಬೌಲರ್ ಎನಿಸಿದರು.

ನಾಲ್ಕನೆಯದು ಪಂಕ್ತಿಯ ಮಾತು. ಮದುವೆಯ ಊಟದಲ್ಲಿ ಪಾಯಸದ ಪಾತ್ರೆ ಬರುವಾಗ ಯಾರೋ ದೂರದಿಂದ, "ಅವರಿಗೆ ಹಾಕಬೇಡಿ, ಶುಗರ್ ಉಂಟು" ಎಂದು ಕೂಗುತ್ತಾರೆ. ಸಾಲಿನವರೆಲ್ಲ ಕತ್ತೆತ್ತಿ ನೋಡುತ್ತಾರೆ. ಎದುರು ಸಾಲಿನವರು, "ಒಂದು ದಿನಕ್ಕೆ ಏನಾಗ್ತದೆ, ಹಾಕಿ" ಎನ್ನುತ್ತಾರೆ. ಇಬ್ಬರೂ ಎಲೆಯ ಮುಂದೆ ಕುಳಿತವರನ್ನು ಕೇಳುವುದಿಲ್ಲ. ಪಾಯಸ ತಡೆದವರೇ ಮತ್ತೆರಡು ಸೌಟು ಅನ್ನ ಬಡಿಸಿ ತೃಪ್ತರಾಗುವುದೂ ಉಂಟು. ಕುಚ್ಚಲಕ್ಕಿಯಾಗಲಿ ಬೆಳ್ತಿಗೆಯಾಗಲಿ, ಅನ್ನವೂ ರಕ್ತದಲ್ಲಿ ಸಕ್ಕರೆಯಾಗಿಯೇ ಸೇರುತ್ತದೆ. ಎಷ್ಟು ಅನ್ನ, ಎಷ್ಟು ಸಿಹಿ, ಅದಕ್ಕೆ ಎಷ್ಟು ಮದ್ದು ಎಂಬ ಲೆಕ್ಕವನ್ನು ದಿನವೂ ಮಾಡುವವರು ಉಣ್ಣುವವರೇ ಹೊರತು ಬಡಿಸುವವರಲ್ಲ.

ಇಂತಹ ಮಾತುಗಳನ್ನು ಕೇಳಿ ನಕ್ಕು ಬಿಡಬಾರದೆ ಎಂದು ಮಿತ್ರರು ಕೇಳಬಹುದು. ಬಿಡಬಹುದಿತ್ತು, ಅವು ಮಾತಿನಲ್ಲೇ ಮುಗಿಯುತ್ತಿದ್ದರೆ. ನನಗೆ 15ನೆಯ ವಯಸ್ಸಿನಿಂದ ಒಂದನೆಯ ಬಗೆಯ ಮಧುಮೇಹವಿದೆ. ಮದ್ದಿನ ಪೆಟ್ಟಿಗೆಯಲ್ಲಿರುವ ಇಂಗ್ಲಿಷ್ ಚೀಟಿಯನ್ನು ಓದಬಲ್ಲವರು ನಮ್ಮ ಮನೆಯಲ್ಲಿ ಆಗ ಯಾರೂ ಇರಲಿಲ್ಲ. ಹೀಗಿರುವಾಗ ನಾಲ್ಕು ಊರು ಕಂಡವರ ಮಾತೇ ಪ್ರಮಾಣವಾಗುತ್ತದೆ. ಬಂಧುವೊಬ್ಬರು ಪ್ರೀತಿಯಿಂದಲೇ ಕಷಾಯವೊಂದನ್ನು ತಂದುಕೊಟ್ಟು ಸೂಜಿ ನಿಲ್ಲಿಸಲು ಹೇಳಿದರು. ಮನೆಯಲ್ಲಿ ಎರಡು ದಿನ ಸೂಜಿ ನಿಂತಿತು. ಮೂರನೆಯ ದಿನ ವಾಂತಿಯೂ ಏದುಸಿರೂ ಹತ್ತಿ, ನನ್ನನ್ನು ರಿಕ್ಷಾದಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಮತ್ತೊಬ್ಬರು ತಾಯಿಗೆ, "ಹೆಣ್ಣು ಮಗು, ನಾಳೆ ಮದುವೆಯಾಗಬೇಕು, ಯಾರಲ್ಲೂ ಹೇಳಬೇಡ" ಎಂದು ಬುದ್ಧಿ ಹೇಳಿದರು. ನಾನು ಕೇಳಿದ ಮಾತುಗಳಲ್ಲೆಲ್ಲ ಅತ್ಯಂತ ಅಪಾಯಕರವಾದುದು ಈ ಕೊನೆಯದೇ ಎಂದು ಇಂದು ನನಗೆ ತೋರುತ್ತದೆ. ಏಕೆಂದರೆ ಮುಚ್ಚಿಡುವವರು ಎಲ್ಲರೆದುರು ಮದ್ದು ತೆಗೆದುಕೊಳ್ಳಲಾರರು, ಹೊತ್ತು ಮೀರುತ್ತದೆ, ಕೆಲವೊಮ್ಮೆ ತಪ್ಪಿಯೇ ಹೋಗುತ್ತದೆ. ಕುಸಿದು ಬಿದ್ದ ದಿನ ಪಕ್ಕದಲ್ಲಿದ್ದವರಿಗೆ ಕಾರಣವೇ ತಿಳಿದಿರುವುದಿಲ್ಲ. ಅಜ್ಞಾನದ ಮಾತು ಮನಸ್ಸನ್ನು ನೋಯಿಸುತ್ತದೆ, ನಿಜ. ಅದಕ್ಕಿಂತ ಮಿಗಿಲಾಗಿ ಅದು ರೋಗವನ್ನು ಮುಚ್ಚಿಡಿಸುತ್ತದೆ. ಮುಚ್ಚಿಟ್ಟ ರೋಗ ಕೊಲ್ಲುತ್ತದೆ.

ಇದು ನಮ್ಮ ಊರಿನ ಮಾತು ಮಾತ್ರವಲ್ಲ. 2024ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಪ್ರಕಟಿಸಿದ ಹೇಳಿಕೆಯೊಂದರಲ್ಲಿ, ಮಧುಮೇಹವುಳ್ಳ ವಯಸ್ಕರಲ್ಲಿ ಐವರಲ್ಲಿ ನಾಲ್ವರು ಕಳಂಕದ ಭಾವನೆಯನ್ನು ಅನುಭವಿಸುತ್ತಾರೆಂದು ಹೇಳಿದೆ.

ಹಾಗಾದರೆ ಇಂತಹ ಮಾತುಗಳನ್ನು ಎದುರಿಸುವುದು ಹೇಗೆ? ಎಲ್ಲ ಮಾತಿಗೂ ಒಂದೇ ಉತ್ತರ ಸಲ್ಲದು. ಮಾತಾಡಿದವರ ಅಂತರಂಗವನ್ನು ನೋಡಿ ಉತ್ತರಿಸಬೇಕು.

ಮಮತೆಯಿಂದ ಬಂದ ಅಜ್ಞಾನಕ್ಕೆ ವಾದ ಬೇಡ. ನೆರೆಮನೆಯ ದೊಡ್ಡಮ್ಮ ಎಲೆ ತಂದುಕೊಟ್ಟರೆ, "ನಿಮ್ಮ ಪ್ರೀತಿ ದೊಡ್ಡದು ದೊಡ್ಡಮ್ಮ. ಆದರೆ ಸೂಜಿ ಬಿಟ್ಟರೆ ನಾನು ಮೂರು ದಿನವೂ ಬದುಕಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ" ಎಂದರೆ ಸಾಕು. ಹಿರಿಯರ ಮರ್ಯಾದೆಗೆ ಕುಂದಿಲ್ಲ, ನಮ್ಮ ಜೀವಕ್ಕೂ ಕೇಡಿಲ್ಲ. ಒಮ್ಮೆ ಅವರನ್ನೇ ಆಸ್ಪತ್ರೆಗೆ ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ಡಾಕ್ಟರರ ಬಾಯಿಂದ ಕೇಳಿದುದನ್ನು ಅವರೇ ಓಣಿಗೆಲ್ಲ ಹೇಳುತ್ತಾರೆ.

ಕುತೂಹಲದ ಅಜ್ಞಾನಕ್ಕೆ ಪೂರ್ಣವಾದ ಉತ್ತರ ಕೊಡಬೇಕು. ಸಹಪಾಠಿಗಳು, "ಇದು ಅಂಟುತ್ತದೆಯೆ? ನೋಯುತ್ತದೆಯೆ?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಂಟುವುದಿಲ್ಲ, ಸ್ವಲ್ಪ ನೋಯುತ್ತದೆ. ಕೇಳದೆ ಊಹಿಸುವವರಿಗಿಂತ ಕೇಳುವವರು ಎಷ್ಟೋ ಮೇಲು.

ಕುಹಕದ ಮಾತಿಗೆ ಒಂದು ವಾಕ್ಯ, ಬಳಿಕ ಮೌನ. ನಮ್ಮ ಶರೀರದ ಲೆಕ್ಕವನ್ನು ದಾರಿಹೋಕರಿಗೆಲ್ಲ ಒಪ್ಪಿಸಬೇಕಾದ ಹಂಗು ನಮಗಿಲ್ಲ.

ಆದರೆ ಅಜ್ಞಾನಿಯ ಕೈಯಲ್ಲಿ ಅಧಿಕಾರವಿದ್ದಾಗ ಮೌನ ಸಲ್ಲದು. ಪರೀಕ್ಷಾ ಕೊಠಡಿಯಲ್ಲಾಗಲಿ, ಹಾಸ್ಟೆಲಿನಲ್ಲಾಗಲಿ, ಮುಂದೆ ಉದ್ಯೋಗದಲ್ಲಾಗಲಿ ಮದ್ದಿಗೂ ತಿನಿಸಿಗೂ ಅಡ್ಡಿಯಾಗುವಂತಿದ್ದರೆ, ವೈದ್ಯರ ಪತ್ರವನ್ನು ಲಗತ್ತಿಸಿ ಲಿಖಿತ ಮನವಿ ಕೊಡಬೇಕು. ಹೀಗೆ ಕೇಳಿದುದರಿಂದಲೇ ನಿಯಮಗಳು ಬದಲಾಗುತ್ತವೆ. ಒಂದನೆಯ ಬಗೆಯ ಮಧುಮೇಹವುಳ್ಳ ಮಕ್ಕಳು ಬೋರ್ಡ್ ಪರೀಕ್ಷೆಗೆ ಸಕ್ಕರೆಯ ಮಾತ್ರೆ, ಹಣ್ಣು, ತಿನಿಸು, ನೀರನ್ನು ಒಯ್ಯಲು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2017ರಲ್ಲಿ ಅನುಮತಿ ನೀಡಿತು.

ಇನ್ನು ರೋಗವಿಲ್ಲದ ಮಿತ್ರರಿಗೂ ಅಧ್ಯಾಪಕರಿಗೂ ಒಂದು ಬಿನ್ನಹ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾದರೆ, ಆಟ ಹೆಚ್ಚಾದರೆ ರಕ್ತದ ಸಕ್ಕರೆ ಹಠಾತ್ತನೆ ಇಳಿಯಬಹುದು. ಆಗ ಬೆವರು, ನಡುಕ, ಎದೆಬಡಿತ. ಬಳಿಕ ಅಸಂಬದ್ಧ ಮಾತು, ಕುಡಿದವರಂತೆ ತೂರಾಟ. ಆ ಗಳಿಗೆಯಲ್ಲಿ "ಇವರಿಗೆ ಶುಗರ್ ಉಂಟು, ಸಿಹಿ ಕೊಡಬೇಡಿ" ಎಂಬ ಪಂಕ್ತಿಯ ಮಾತನ್ನೇ ಯಾರಾದರೂ ಆಡಿದರೆ ಅದು ಪ್ರಾಣಕ್ಕೆ ಎರವಾದೀತು. ಆಗ ಬೇಕಾದುದು ಸಕ್ಕರೆಯೇ. ನುಂಗುವಷ್ಟು ಎಚ್ಚರವಿದ್ದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಇನ್ಸುಲಿನ್ನನ್ನಂತೂ ಆಗ ಚುಚ್ಚಲೇಬಾರದು.

ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ನ್ನು ಲೋಕವೆಲ್ಲ ಮಧುಮೇಹ ದಿನವೆಂದು ಆಚರಿಸುತ್ತದೆ. ನಮಗೆ ಅದು ಮಕ್ಕಳ ದಿನವೂ ಹೌದು. ಆ ದಿನ ನಮ್ಮ ಕಾಲೇಜಿನಲ್ಲಿ ಭಾಷಣವೇ ನಡೆಯಬೇಕೆಂದಿಲ್ಲ. ಪ್ರತಿಯೊಂದು ತರಗತಿಯಲ್ಲಿ ಯಾರಿಗೆ ಮಧುಮೇಹವಿದೆಯೆಂಬುದನ್ನು, ಅವರೇ ಇಷ್ಟಪಟ್ಟು ಹೇಳಿದರೆ, ಇಬ್ಬರು ಗೆಳೆಯರೂ ಒಬ್ಬ ಅಧ್ಯಾಪಕರೂ ತಿಳಿದಿರಲಿ. ಅವರಲ್ಲೊಬ್ಬರ ಚೀಲದಲ್ಲಿ ಒಂದು ಸಣ್ಣ ಪೊಟ್ಟಣ ಸಕ್ಕರೆ ಇರಲಿ. ಹೇಳಿಕೊಳ್ಳಲು ನಾಚದವರೂ ಕೇಳಿಸಿಕೊಂಡು ಗುಟ್ಟಾಗಿ ಆಡದವರೂ ಇರುವ ಕಾಲೇಜು ನಮ್ಮದೆನಿಸಲಿ ಎಂದು ಹಾರೈಸಿ ಲೇಖನವನ್ನು ಮುಗಿಸುತ್ತೇನೆ.