ಹಿತ್ತಿಲಿನ ಕೂಡುಬೇಸಾಯ: ಮೂರು ಕಾಲಗಳ ಪಾಠ

ಮೀನು ಸಾಕುವುದು ಒಂದು ಕಸುಬು, ತರಕಾರಿ ಬೆಳೆಯುವುದು ಇನ್ನೊಂದು. ಎರಡನ್ನೂ ಒಂದೇ ನೀರಿನಲ್ಲಿ ನಡೆಸುವ ಕ್ರಮಕ್ಕೆ ಅಕ್ವಾಪೋನಿಕ್ಸ್ ಎಂದು ಹೆಸರು. 'ಅಕ್ವಾ' ಎಂದರೆ ಲ್ಯಾಟಿನ್ ಭಾಷೆಯಲ್ಲಿ ನೀರು. 'ಪೋನೋಸ್' ಎಂದರೆ ಗ್ರೀಕ್ ಭಾಷೆಯಲ್ಲಿ ದುಡಿಮೆ. ನಾವು ಇದನ್ನು ಕೂಡುಬೇಸಾಯ ಎಂದು ಕರೆಯೋಣ. ಹೆಸರು ಹೊಸದಾದರೂ ಕಲ್ಪನೆ ಹೊಸದಲ್ಲ. ನಮ್ಮ ಕಾಸರಗೋಡು ಮತ್ತು ನೆರೆಯ ಕಣ್ಣೂರು ಜಿಲ್ಲೆಗಳ ಹಿನ್ನೀರಿನ ಅಂಚಿನಲ್ಲಿರುವ ಕೈಪಾಡ್ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ, ಅನಂತರ ಸಿಗಡಿ ಹಾಗೂ ಮೀನು ಎಂಬ ಸರದಿ ಹಿಂದಿನಿಂದ ಬಂದಿದೆ. ಚೀನಾ ದೇಶದ ಚಿಂಗ್‌ಟಿಯನ್ ಪ್ರದೇಶದ ಭತ್ತ-ಮೀನು ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2005ರಲ್ಲಿ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ತೊಟ್ಟಿಯಲ್ಲಿ ಮೀನು, ಅದರ ನೀರಿನಿಂದ ಗಿಡ ಎಂಬ ಇಂದಿನ ರೂಪವನ್ನು ಶಾಸ್ತ್ರೀಯವಾಗಿ ಬೆಳೆಸಿದವರಲ್ಲಿ, 1980ರ ದಶಕದಿಂದ ವರ್ಜಿನ್ ದ್ವೀಪಗಳ ವಿಶ್ವವಿದ್ಯಾನಿಲಯದಲ್ಲಿ ದುಡಿದ ಜೇಮ್ಸ್ ರಾಕೋಸಿ ಮುಖ್ಯರು.

ವಿಜ್ಞಾನದ ಅಧ್ಯಾಪಕರು ಬರೆಯಬೇಕಾದುದನ್ನು ಕನ್ನಡ ಪಂಡಿತರು ಏಕೆ ಬರೆಯುತ್ತಿದ್ದಾರೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಶಾಲೆಯ ಹಿತ್ತಿಲಿನ ತೊಟ್ಟಿಯ ದಿನಚರಿ ಪುಸ್ತಕವನ್ನು ಕನ್ನಡದಲ್ಲಿ ಬರೆಯಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಒಂದು ವರ್ಷ ಅದನ್ನು ಓದಿದ ಮೇಲೆ ನಮಗೆ ಮನದಟ್ಟಾದುದು ಇಷ್ಟು: ಈ ಬೇಸಾಯದಲ್ಲಿ ತೊಂದರೆ ಬಾರದ ಕಾಲವಿಲ್ಲ, ಆದರೆ ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟವನಿಗೆ ತಿಳಿಯದ ತೊಂದರೆಯೂ ಬಹಳವಿಲ್ಲ.

ಮೂವರ ಸಂಸಾರ

ನಮ್ಮ ತೊಟ್ಟಿಯಲ್ಲಿ 1,000 ಲೀಟರ್ ನೀರು ಹಿಡಿಯುತ್ತದೆ. ಪಕ್ಕದಲ್ಲಿ ಎತ್ತರದ ಕಟ್ಟೆಯ ಮೇಲೆ ತಲಾ ಒಂದು ಚದರ ಮೀಟರಿನ ಮೂರು ಮಡಿಗಳು. ಅವುಗಳಲ್ಲಿ ಮಣ್ಣಿಲ್ಲ, 30 ಸೆಂಟಿಮೀಟರ್ ಆಳಕ್ಕೆ ತೊಳೆದ ಜಲ್ಲಿ ಇದೆ. ಸಣ್ಣ ಪಂಪು ತೊಟ್ಟಿಯ ನೀರನ್ನು ಮಡಿಗೆ ಏರಿಸುತ್ತದೆ; ಮಡಿ ತುಂಬಿದೊಡನೆ ನೀರು ತಾನಾಗಿ ಇಳಿದು ತೊಟ್ಟಿಗೆ ಮರಳುತ್ತದೆ.

ನೋಡುವವರಿಗೆ ಇಲ್ಲಿ ಕಾಣುವುದು ಮೀನು ಮತ್ತು ಗಿಡ. ಕಾಣದ ಮೂರನೆಯವರೇ ಯಜಮಾನರು. ಮೀನು ತಿಂದ ಆಹಾರದ ಸಾರಜನಕದಲ್ಲಿ ಹೆಚ್ಚಿನ ಪಾಲು ಅದರ ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಸೇರುತ್ತದೆ. ಅಮೋನಿಯ ಮೀನಿಗೆ ವಿಷ. ಜಲ್ಲಿಯ ಮೈಗೆ ಅಂಟಿ ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟು ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ನೈಟ್ರೇಟು ಗಿಡಗಳ ಮುಖ್ಯ ಆಹಾರ. ಈ ಎರಡು ಹಂತಗಳ ಕೆಲಸವನ್ನು 1890ರ ಸುಮಾರಿಗೆ ತೋರಿಸಿಕೊಟ್ಟವನು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್‌ಸ್ಕಿ.

ಈ ಜೀವಾಣುಗಳು ಮಡಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆದುದರಿಂದ ಜನವರಿಯಲ್ಲಿ ನೀರು ತುಂಬಿಸಿದರೂ ಮೊದಲು ಬಿಟ್ಟದ್ದು ಬೆರಳೆಣಿಕೆಯ ಮೀನುಮರಿಗಳನ್ನು ಮಾತ್ರ. ಉಳಿದವು ಬಂದುದು ಮಾರ್ಚಿನಲ್ಲಿ. ತಿಲಾಪಿಯ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಅದು ತೋಡಿಗೆ ಸೇರಿದರೆ ನಾಡಮೀನುಗಳಿಗೆ ಕಂಟಕ ಎಂಬುದನ್ನು ನೆನಪಿಡಬೇಕು.

ಇಲ್ಲೊಂದು ಸರಳ ಲೆಕ್ಕವಿದೆ. ತಲಾ 200 ಗ್ರಾಮಿನ 40 ಮೀನುಗಳೆಂದರೆ ಎಂಟು ಕಿಲೋ. ದಿನಕ್ಕೆ ಮೈತೂಕದ ನೂರಕ್ಕೆ ಎರಡು ಪಾಲು ಆಹಾರವೆಂದರೆ 160 ಗ್ರಾಂ. ಸೊಪ್ಪಿನ ಬೆಳೆಯಾದರೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಸಾಕಾಗುತ್ತದೆ. ಎಂದರೆ ಮೂರು ಮಡಿಗಳಿಗೆ 40 ಮೀನು ಸರಿಹೊಂದುತ್ತದೆ. ಮೀನು ಹೆಚ್ಚಿದರೆ ವಿಷ ಹೆಚ್ಚುತ್ತದೆ. ಗಿಡ ಹೆಚ್ಚಿದರೆ ಎಲೆ ಬಿಳಚಿಕೊಳ್ಳುತ್ತದೆ.

ಬೇಸಗೆ

ಮಾರ್ಚಿನಿಂದ ಮೇ ತನಕ ನಮ್ಮ ಕಡೆಯ ಶತ್ರು ಬಿಸಿಲು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು; 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬಿಸಿನೀರಿನಲ್ಲಿ ಮೀನಿನ ಉಸಿರಾಟವೂ ಹೆಚ್ಚು. ಆದಾಯ ಇಳಿದಾಗಲೇ ಖರ್ಚು ಏರಿದ ಮನೆಯಂತೆ ತೊಟ್ಟಿಯ ಸ್ಥಿತಿ.

ಏಪ್ರಿಲಿನಲ್ಲಿ ನೀರು ಹಸಿರು ಬಣ್ಣಕ್ಕೆ ತಿರುಗಿತು. ಒಬ್ಬ ವಿದ್ಯಾರ್ಥಿ ದಿನಚರಿಯಲ್ಲಿ 'ನೀರು ಹಾಳಾಯಿತು' ಎಂದು ಬರೆದ. ಇದು ತೀರ್ಮಾನ, ವರದಿಯಲ್ಲ. ಏನು ಕಂಡಿತೋ ಅದನ್ನು ಬರೆ ಎಂದ ಮೇಲೆ ಮರುದಿನ ಅವನೇ ಬರೆದ: 'ಬೆಳಿಗ್ಗೆ ಆರು ಗಂಟೆಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಹತ್ತು ಗಂಟೆಗೆ ಕೆಳಗಿಳಿದಿದ್ದವು.' ಈ ಎರಡು ವಾಕ್ಯಗಳಲ್ಲಿ ರೋಗವೂ ಇದೆ, ಮದ್ದೂ ಇದೆ. ಹಸಿರು ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಆದುದರಿಂದ ಬೆಳಗಿನ ಜಾವ ಮೀನಿಗೆ ಉಸಿರು ಕಟ್ಟುತ್ತದೆ. ಪಾಚಿಗೆ ಬೇಕಾದುದು ಬಿಸಿಲು. ತೊಟ್ಟಿಯ ಮೇಲೆ ಹೆಣೆದ ಮಡಲಿನ ಚಪ್ಪರ ಹಾಕಿಸಿದೆವು. ಎರಡು ವಾರಗಳಲ್ಲಿ ಪಾಚಿ ಇಳಿಯಿತು, ನೀರೂ ತಂಪಾಯಿತು. ಮಿಂಚುಳ್ಳಿಯ ಕಾಟವೂ ತಪ್ಪಿತು. ದೊಡ್ಡ ರಜೆಯಲ್ಲಿ ಆರಿದ ನೀರನ್ನು ತುಂಬಿ ಆಹಾರ ಹಾಕಿದವರು ಶಾಲೆಯ ಹತ್ತಿರದ ಮನೆಗಳ ಮಕ್ಕಳು. ಆ ಬೇಸಗೆಯಲ್ಲಿ ಹರಿವೆ ಮತ್ತು ಬಸಳೆ ಚೆನ್ನಾಗಿ ಬಂದವು.

ಮಳೆಗಾಲ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಒಂದೇ ದಿನ 100 ಮಿಲಿಮೀಟರ್ ಸುರಿದರೆ ಪ್ರತಿ ಚದರ ಮೀಟರ್ ಬಾಯಿಗೆ 100 ಲೀಟರ್ ಮಳೆನೀರು ಬಿದ್ದ ಹಾಗೆ. ಮಳೆನೀರಿನಲ್ಲಿ ಸುಣ್ಣದ ಅಂಶ ಇಲ್ಲವೆಂದೇ ಹೇಳಬೇಕು. ಮುರಕಲ್ಲಿನ ನೆಲದ ಬಾವಿಯ ನೀರೂ ಸಾಮಾನ್ಯವಾಗಿ ಆಮ್ಲ ಗುಣದ್ದೇ. ಇದರ ಮೇಲೆ, ಬ್ಯಾಕ್ಟೀರಿಯಗಳು ಅಮೋನಿಯವನ್ನು ಮಾರ್ಪಡಿಸುವಾಗ ನೀರಿನ ಕ್ಷಾರತೆಯನ್ನು ವೆಚ್ಚ ಮಾಡುತ್ತವೆ. ಜೂನ್ ಮೊದಲಿಗೆ 7 ಇದ್ದ ಪಿ.ಎಚ್. ಜುಲೈ ನಡುವಿಗೆ 6ಕ್ಕೆ ಇಳಿದಿತ್ತು. ಅದಕ್ಕೂ ಕೆಳಗಿಳಿದರೆ ಬ್ಯಾಕ್ಟೀರಿಯಗಳ ಕೆಲಸ ಬಹಳ ಮಂದವಾಗುತ್ತದೆ.

ಒಂದು ಹಿಡಿ ಸುಣ್ಣ ಹಾಕಿದರಾಗದೇ ಎಂದು ಮಕ್ಕಳು ಕೇಳಿದರು. ಇಲ್ಲಿ ಎಚ್ಚರ ಬೇಕು. ನೀರಿನಲ್ಲಿರುವ ಅಮೋನಿಯವೆಲ್ಲ ಒಂದೇ ಸಮನಾಗಿ ವಿಷವಲ್ಲ. 28 ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದರೆ ಅದರಲ್ಲಿ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ, ಪಿ.ಎಚ್. 8ಕ್ಕೆ ಏರಿದರೆ ನೂರಕ್ಕೆ ಆರೇಳು ಪಾಲು. ಅಮೋನಿಯ ತುಂಬಿದ ನೀರಿಗೆ ಅವಸರದಿಂದ ಸುಣ್ಣ ಸುರಿಯುವುದೆಂದರೆ ಮದ್ದಿನಿಂದಲೇ ಕೊಂದಂತೆ. ಆದುದರಿಂದ ತೊಳೆದ ಮರುವಾಯಿ ಚಿಪ್ಪುಗಳನ್ನು ಬಲೆಯ ಚೀಲದಲ್ಲಿ ಕಟ್ಟಿ ನೀರು ಬೀಳುವಲ್ಲಿ ತೂಗುಹಾಕಿದೆವು. ಚಿಪ್ಪು ಆಮ್ಲವಿದ್ದಷ್ಟು ಹೊತ್ತು ಮೆಲ್ಲನೆ ಕರಗುತ್ತದೆ, ಆಮ್ಲ ತಗ್ಗಿದಂತೆ ತಾನೂ ತಗ್ಗುತ್ತದೆ.

ನಮ್ಮ ಊರಿಗೆ ವಿಶೇಷವಾದ ಇನ್ನೊಂದು ಅಪಾಯವಿದೆ. ಕೊಳೆರೋಗಕ್ಕೆಂದು ಅಡಿಕೆ ತೋಟಗಳಿಗೆ ಬಿಡುವ ಬೋರ್ಡೋ ಮದ್ದಿನಲ್ಲಿ ಮೈಲುತುತ್ತ ಇದೆ. ತಾಮ್ರ ಮೀನಿಗೆ ವಿಷ. ಸುಣ್ಣವಿಲ್ಲದ ಮೆದುನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಪಕ್ಕದ ತೋಟದಲ್ಲಿ ಮದ್ದು ಬಿಡುವ ದಿನ ತೊಟ್ಟಿಯನ್ನೂ ಮಡಿಗಳನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಲೇಬೇಕು.

ಆಟಿ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ತಂತಿ ತುಂಡಾಯಿತು. ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರ ಆರು ಗಂಟೆ ನಡೆದು ನಿಂತಿತು; ವಿದ್ಯುತ್ತು ಮರಳಿದ್ದು ಮೂರನೆಯ ದಿನ. ಮಳೆಯೆಂದು ಶಾಲೆಗೆ ರಜೆ ಸಾರಿದ್ದರು. ಪಕ್ಕದ ಮನೆಯ ಇಬ್ಬರು ವಿದ್ಯಾರ್ಥಿನಿಯರು, ಅವರ ಅಜ್ಜ ಮತ್ತು ನಾವು ಸರದಿಯಂತೆ ಕೊಡಪಾನದಲ್ಲಿ ನೀರೆತ್ತಿ ಎತ್ತರದಿಂದ ಹೊಯ್ದೆವು. "ಅಡಿಯ ಕೆಸರು ಕಲಕುವುದು ಬೇಡ ಮಕ್ಕಳೇ, ಮೇಲಿನ ನೀರನ್ನೇ ಎತ್ತಿ ಹೊಯ್ಯಿರಿ" ಎಂದು ಅಜ್ಜ ಹೇಳುತ್ತಿದ್ದರು. ಅದು ಸರಿಯಾದ ಮಾತು. ಕೆಸರು ಕದಡಿದರೆ ಉಳಿದ ಆಮ್ಲಜನಕವನ್ನೂ ಅದು ಹೀರುತ್ತದೆ. ಆ ಮೂರು ದಿನ ಮೀನಿಗೆ ಆಹಾರ ಹಾಕಲಿಲ್ಲ. ಬೆಳೆದ ಮೀನು ಕೆಲವು ದಿನ ಉಪವಾಸ ತಾಳಬಲ್ಲದು. ಕೆಟ್ಟ ನೀರನ್ನು ತಾಳದು. ಮಡಿಗಳ ನೀರನ್ನು ಪೂರ್ತಿ ಇಳಿಸಿ, ಜಲ್ಲಿ ಒಣಗದಂತೆ ಆಗಾಗ ಒಂದು ಚೆಂಬು ನೀರು ಚಿಮುಕಿಸಿದೆವು. ನಿಂತ ನೀರಿನಲ್ಲಿ ಉಸಿರುಗಟ್ಟುವ ಬ್ಯಾಕ್ಟೀರಿಯಗಳು ಗಾಳಿಯಾಡುವ ಒದ್ದೆ ಜಲ್ಲಿಯಲ್ಲಿ ಬದುಕಿರುತ್ತವೆ.

ಆದರೂ ಹನ್ನೊಂದು ಮೀನುಗಳು ಸತ್ತವು. ಆ ದಿನದ ಪುಟದಲ್ಲಿ ವಿದ್ಯಾರ್ಥಿನಿ ಬರೆದುದು ಹೀಗೆ: 'ಸತ್ತವು 11. ಎಲ್ಲವೂ ಒಂದು ಗೇಣಿಗಿಂತ ಉದ್ದದವು. ಸಣ್ಣದು ಒಂದೂ ಸತ್ತಿಲ್ಲ.' ಅಳುತ್ತ ಬರೆದ ಪುಟವೆಂದು ಶಾಯಿ ಕದಡಿದುದರಿಂದ ತಿಳಿಯುತ್ತಿತ್ತು. ಆದರೆ ವಾಕ್ಯಗಳು ಕದಡಿರಲಿಲ್ಲ. ಆಮ್ಲಜನಕ ಸಾಲದಾದಾಗ ಮೊದಲು ಸಾಯುವುದು ಸಾಮಾನ್ಯವಾಗಿ ದೊಡ್ಡ ಮೀನುಗಳು. ವಿಷವೋ ರೋಗವೋ ಇದ್ದರೆ ಹೀಗೆ ಅಳೆದು ಆರಿಸಿದಂತೆ ಸಾಯುವುದು ಅಪರೂಪ. ಆ ಮೂರು ವಾಕ್ಯಗಳಿಂದಾಗಿ ನೀರೆಲ್ಲ ಚೆಲ್ಲಿ, ಜಲ್ಲಿ ತೊಳೆದು, ಮತ್ತೆ ಆರು ವಾರ ಕಾಯುವ ಕೆಲಸ ಉಳಿಯಿತು. ನೀರು ಅದೇ ಇರಲಿ, ಮೀನಿನ ಸಂಖ್ಯೆ ಮಳೆಗಾಲಕ್ಕೆ 25ನ್ನು ದಾಟದಿರಲಿ ಎಂದು ನಿರ್ಧರಿಸಿದೆವು. ಮುಂದಿನ ಸಲ ಅನಬಾಸ್ ಮರಿಗಳನ್ನು ತರುವುದೆಂದೂ ಆಯಿತು. ಆ ಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು.

ಮೋಡದ ದಿನಗಳಲ್ಲಿ ಹರಿವೆ ಸೊರಗಿತು. ಆ ಮಡಿಗಳಲ್ಲಿ ಕೆಸುವನ್ನೂ ಒಂದೆಲಗವನ್ನೂ ನೆಟ್ಟೆವು. ಆಟಿಯ ಪತ್ರೊಡೆಗೆ ಎಲೆ ಮಡಿಯಿಂದಲೇ ದೊರಕಿತು.

ಚಳಿಗಾಲ

ನವೆಂಬರಿನಿಂದ ಫೆಬ್ರವರಿ ತನಕ ಹದವಾದ ಕಾಲ. ಮಳೆಯಿಲ್ಲ, ಬಿಸಿಲು ಮೃದು. ಟೊಮೇಟೊ, ಮೆಣಸು, ಬೆಂಡೆಗೆ ಇದೇ ಸಮಯ. ಬೆಳೆ ವೇಗವಾಗಿ ಬರುವಾಗ ಕೊರತೆಯೂ ಬೇಗ ಕಾಣುತ್ತದೆ. ಮೀನಿನ ಆಹಾರದಲ್ಲಿ ಸಾರಜನಕ ಧಾರಾಳ; ಕಬ್ಬಿಣ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಗಿಡಕ್ಕೆ ಸಾಲುವಷ್ಟಿಲ್ಲ. 'ಎಲೆ ಹಳದಿಯಾಯಿತು' ಎಂದು ಬರೆದರೆ ಅರ್ಧ ಮಾತು. ಯಾವ ಎಲೆ ಎಂದು ಕೇಳಬೇಕು. ಚಿಗುರೆಲೆ ಹಳದಿಯಾಗಿ ನರ ಹಸಿರಾಗಿಯೇ ಉಳಿದರೆ ಕಬ್ಬಿಣದ ಕೊರತೆ. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಸಿಯಂ ಕೊರತೆ. ಮದ್ದು ಬೇರೆ ಬೇರೆ. ಹೇನು ಬಿದ್ದರೆ ಹೊಗೆಸೊಪ್ಪಿನ ಕಷಾಯವಾಗಲಿ ಸಾಬೂನು ನೀರಾಗಲಿ ಇಲ್ಲಿ ಸಲ್ಲದು; ಎಲೆಯ ಮೇಲೆ ಹೊಡೆದುದು ಮೀನಿನ ಬಾಯಿಗೆ ಬರುತ್ತದೆ. ಕೈಯಿಂದ ಒರೆಸಿ ತೆಗೆಯುವುದೇ ದಾರಿ.

ಕೊನೆಯ ಮಾತು

ವಿದ್ಯಾರ್ಥಿ ಮಿತ್ರರೇ, ಮನೆಯ ಹಿತ್ತಿಲಲ್ಲಿ ಇದನ್ನು ಮಾಡಬೇಕೆಂದಿದ್ದರೆ ತೊಟ್ಟಿಗಿಂತ ಮೊದಲು ಒಂದು ಪುಸ್ತಕ ಕೊಳ್ಳಿರಿ. ದಿನಾಂಕ, ಗಂಟೆ, ನೀರಿನ ಉಷ್ಣತೆ, ಪಿ.ಎಚ್., ಹಾಕಿದ ಆಹಾರ, ಅದನ್ನು ತಿಂದು ಮುಗಿಸಲು ಮೀನು ತೆಗೆದುಕೊಂಡ ನಿಮಿಷ, ಎಲೆಯ ಬಣ್ಣ ಎಂದು ಏಳು ಕಲಂ ಗೆರೆ ಎಳೆಯಿರಿ. ಮಲಯಾಳವೂ ತುಳುವೂ ಕನ್ನಡವೂ ಕಲೆತ ನಮ್ಮ ನಾಡಿನಲ್ಲಿ, ಕನ್ನಡದಲ್ಲಿ ಓದಿದವರಿಗೆ ಕಥೆ ಕವನ ಬರುತ್ತದೆ, ಶಾಸ್ತ್ರ ಬರುವುದಿಲ್ಲ ಎನ್ನುವವರಿದ್ದಾರೆ. ಹನ್ನೊಂದು ಮೀನುಗಳ ಕುರಿತ ಆ ಮೂರು ವಾಕ್ಯಗಳನ್ನು ಅವರಿಗೆ ತೋರಿಸಬಹುದು. ಉಳಿದ 29 ಮೀನುಗಳೂ ಬದುಕಿಕೊಂಡವು. ಪುಸ್ತಕ ಗ್ರಂಥಾಲಯದ ಕಪಾಟಿನಲ್ಲಿದೆ. ಮುಂದಿನ ತಂಡದವರು ಹೊಸ ಪುಟದಿಂದ ಆರಂಭಿಸಲಿ.