ಒಂದೇ ಕಾಲು, ಎರಡು ಪೆಡಲ್: ಹೀಲ್-ಟೋ ಹಾಕಿ ಗೇರ್ ಇಳಿಸುವ ವಿಜ್ಞಾನ

ಈ ಸಂಚಿಕೆಯಲ್ಲಿ ನಾವು ಮಾತಾಡೋದು ಕಾರಿನ ಬಗ್ಗೆ. ಆದರೆ ನಾವು ಜೀವವಿಜ್ಞಾನದವರಾದ್ದರಿಂದ, ಕಾರಿಗಿಂತ ಅದನ್ನು ಓಡಿಸುವ ಬಲಗಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಿದರೆ ಕ್ಷಮೆ ಇರಲಿ.

ಇಲ್ಲಿ ಅಲ್ ವಕ್ರಾದಲ್ಲಿ ರಸ್ತೆಗಿಳಿದರೆ ಕಾಣೋದು ಬಹುಪಾಲು ಆಟೋಮ್ಯಾಟಿಕ್ ಕಾರುಗಳೇ. ದೋಹಾದ ದಕ್ಷಿಣಕ್ಕೆ ಸಮುದ್ರದ ಪಕ್ಕದ ಊರು, ನೆಲ ರೊಟ್ಟಿಯ ಹಾಗೆ ಚಪ್ಪಟೆ. ವರ್ಷಪೂರ್ತಿ ಎಡಗಾಲಿಗೆ ಕೆಲಸವೇ ಇಲ್ಲ. ಅದೇ ನಾವು ರಜೆಗೆ ಊರಿಗೆ ಹೋದಾಗ ಮಂಗಳೂರಲ್ಲೋ ಬೆಂಗಳೂರಲ್ಲೋ ಇಳಿದು, ಯಾರದೋ ಮ್ಯಾನುವಲ್ ಕಾರಿನ ಕೀಲಿ ತಗೊಂಡು, ಮಳೆಯಲ್ಲಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯೋಕೆ ಹೊರಡ್ತೇವೆ. ಕೊಲ್ಲಿ ದೇಶಗಳಲ್ಲಿರುವ ಎಷ್ಟೋ ಕನ್ನಡ ಕುಟುಂಬಗಳ ಕಥೆ ಇದು. ಹಾಗಾಗಿ ಹೀಲ್-ಟೋ ಎನ್ನುವ ಈ ವಿದ್ಯೆ ಬರೀ ರೇಸಿನವರದ್ದಲ್ಲ. ಅದರ ಹಿಂದಿರುವ ಭೌತವಿಜ್ಞಾನ ಘಾಟಿ ಇಳಿಯುವ ಎಲ್ಲರಿಗೂ ಬೇಕು.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಒಂದು ಸಣ್ಣ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿನಲ್ಲಿದೆ ಅಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ ಸುಮಾರು 2,500 ಸುತ್ತು ತಿರುಗುತ್ತಿದೆ. ಮೂರನೇ ಗೇರಿನ ಅನುಪಾತ 1.3, ಎರಡನೆಯದ್ದು 1.9 ಅಂತ ಇಟ್ಟುಕೊಳ್ಳೋಣ. ಅದೇ ವೇಗದಲ್ಲಿ ಎರಡನೇ ಗೇರಿಗೆ ಬಂದರೆ ಎಂಜಿನ್ ಸುಮಾರು 3,650 ಸುತ್ತು ತಿರುಗಲೇಬೇಕು. ಆದರೆ ಕ್ಲಚ್ ಒತ್ತಿದ ಕ್ಷಣದಿಂದ ಎಂಜಿನ್ ವೇಗ ಏರೋದಿಲ್ಲ, ಬೀಳುತ್ತಾ ಹೋಗುತ್ತೆ. ಇನ್ನು ಕ್ಲಚ್ ಬಿಟ್ಟಾಗ ಈ ವ್ಯತ್ಯಾಸವನ್ನು ತುಂಬುವವರು ಯಾರು? ಚಕ್ರಗಳು. ಅವು ತಮ್ಮ ಶಕ್ತಿಯನ್ನು ಕೊಟ್ಟು ಎಂಜಿನ್ನನ್ನು ಮೇಲಕ್ಕೆಳೆಯುತ್ತವೆ. ನಮಗೆ ಅದು ಜರ್ಕ್ ಆಗಿ ಗೊತ್ತಾಗುತ್ತೆ.

ನೇರ ರಸ್ತೆಯಲ್ಲಿ ಜರ್ಕ್ ಆದರೆ ಹಿಂದೆ ಕೂತವರು ಬೈಯಬಹುದು, ಅಷ್ಟೇ. ಬ್ರೇಕ್ ಹಾಕುತ್ತಾ ತಿರುವಿಗೆ ಹೋಗುವಾಗ ಮಾತು ಬೇರೆ. ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತೆ. 1,000 ಕೆಜಿ ಕಾರು, ಮುಂದೆ 600, ಹಿಂದೆ 400 ಅಂತ ಇಟ್ಟುಕೊಳ್ಳಿ. ಭಾರಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲಿದೆ, ಮುಂದಿನ ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಇದೆ. ಗುರುತ್ವದ 0.8ರಷ್ಟು ಜೋರಾಗಿ ಬ್ರೇಕ್ ಹಾಕಿದರೆ 160 ಕೆಜಿಯಷ್ಟು ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತೆ. ಹಿಂದೆ ಉಳಿಯೋದು 240 ಮಾತ್ರ. ಬೊಲೆರೊದಂಥ ಹಿಂಚಕ್ರ ಚಾಲನೆಯ ಗಾಡಿಯಲ್ಲಿ, ಹಗುರವಾದ ಆ ಚಕ್ರಗಳ ಮೇಲೇ ಎಂಜಿನ್ನಿನ ಜರ್ಕ್ ಬಂದರೆ ಹಿಂಭಾಗ ಪಕ್ಕಕ್ಕೆ ಜಾರಬಹುದು. ಮುಂಚಕ್ರ ಚಾಲನೆಯ ಕಾರಾದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗಬಹುದು. ಒದ್ದೆ ರಸ್ತೆಯಲ್ಲಿ ಎರಡೂ ಬೇಗ ಆಗುತ್ತವೆ.

ಪರಿಹಾರ ಸುಲಭ: ಕ್ಲಚ್ ಬಿಡುವ ಮೊದಲು ನಾವೇ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಎಂಜಿನ್ನನ್ನು 3,650ರ ಹತ್ತಿರ ತರೋದು. ಕಷ್ಟ ಇರೋದು ಕಾಲಿನದ್ದು. ಎಡಗಾಲು ಕ್ಲಚ್ ಮೇಲೆ, ಬಲಗಾಲು ಬ್ರೇಕ್ ಮೇಲೆ. ಮೂರನೇ ಕಾಲು ನಮಗಿಲ್ಲ. ಆದ್ದರಿಂದ ಬಲಗಾಲೇ ಎರಡು ಕೆಲಸ ಮಾಡಬೇಕು.

ನಮ್ಮ ಹಳೆಯ ಬಸ್ಸು, ಲಾರಿ ಚಾಲಕರಿಗೆ ಇದರ ಅಣ್ಣನಂಥ ವಿದ್ಯೆ ಚೆನ್ನಾಗಿ ಗೊತ್ತಿತ್ತು: ಡಬಲ್ ಕ್ಲಚ್. ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ತಟ್ಟಿ, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕೋದು. ಇಲ್ಲದಿದ್ದರೆ ಗೇರ್ ಪೆಟ್ಟಿಗೆ ಕರಕರ ಅನ್ನೋದು. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೊಮೆಶ್ ಬಂದ ಮೇಲೆ ಗೇರ್ ಪೆಟ್ಟಿಗೆಯ ಒಳಗಿನ ವೇಗ ಹೊಂದಿಸುವ ಕೆಲಸ ಯಂತ್ರಕ್ಕೆ ಹೋಯಿತು. ಆದರೆ ಗಮನಿಸಿ, ಸಿಂಕ್ರೊಮೆಶ್ ಎಂಜಿನ್ನಿನ ವೇಗ ಹೊಂದಿಸೋದಿಲ್ಲ. ಅದು ಇವತ್ತಿಗೂ ಚಾಲಕನ ಪಾಲಿಗೇ ಉಳಿದಿದೆ. 2009ರ ಮಾದರಿಯ ನಿಸಾನ್ 370ಝಡ್‌ನಂಥ ಕೆಲವು ಮ್ಯಾನುವಲ್ ಕಾರುಗಳಲ್ಲಿ ಮಾತ್ರ ಕಂಪ್ಯೂಟರೇ ಆ ತಟ್ಟುವ ಕೆಲಸವನ್ನೂ ಮಾಡಿತು. 2021ರಲ್ಲಿ ಮೊದಲ ಸಲ ಫಾರ್ಮುಲಾ 1 ನಡೆದ ಇಲ್ಲಿನ ಲುಸೈಲ್ ಟ್ರ್ಯಾಕಿನಲ್ಲಿ ಓಡುವ ಆ ಕಾರುಗಳಿಗೆ ಕ್ಲಚ್ ಪೆಡಲೇ ಇಲ್ಲ.

ಈಗ ಪೆಡಲ್‌ಗಳ ವಿಷಯ. ಇಲ್ಲಿ ಎಡಗಡೆ ಸ್ಟೀರಿಂಗ್, ಊರಲ್ಲಿ ಬಲಗಡೆ. ಗೇರ್ ಹಾಕುವ ಕೈ ಬದಲಾಗುತ್ತೆ. ಆದರೆ ಪೆಡಲ್‌ಗಳ ಕ್ರಮ ಎರಡೂ ಕಡೆ ಒಂದೇ: ಎಡಕ್ಕೆ ಕ್ಲಚ್, ನಡುವೆ ಬ್ರೇಕ್, ಬಲಕ್ಕೆ ಆಕ್ಸಿಲರೇಟರ್. ಹಾಗಾಗಿ ಕಾಲು ಕಲಿತ ವಿದ್ಯೆ ಗಡಿ ದಾಟುತ್ತೆ, ಕೈ ಮಾತ್ರ ಹೊಸದಾಗಿ ಕಲಿಯಬೇಕು.

ಸಾಮಾನ್ಯ ಕಾರುಗಳಲ್ಲಿ ಬ್ರೇಕ್ ಪೆಡಲ್ ಆಕ್ಸಿಲರೇಟರಿಗಿಂತ ಎತ್ತರದಲ್ಲಿರುತ್ತೆ. ತಪ್ಪಿ ಎರಡನ್ನೂ ಒಟ್ಟಿಗೆ ಒತ್ತಬಾರದು ಅನ್ನೋದೇ ಉದ್ದೇಶ. ನಿಮ್ಮ ಕಾರಿನಲ್ಲಿ ಹೀಗೆ ನೋಡಿ: ಕಾರು ನಿಂತಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಶುರು ಮಾಡಿ. ಬ್ರೇಕನ್ನು ಜೋರಾಗಿ ಒತ್ತಿ ಹಿಡಿದು ಕೆಳಗೆ ನೋಡಿ. ಆಗ ಬ್ರೇಕ್ ಪೆಡಲ್ ಆಕ್ಸಿಲರೇಟರಿನ ಮಟ್ಟಕ್ಕೆ, ಅಥವಾ ಒಂದು ಬೆರಳಿನ ದಪ್ಪದಷ್ಟು ಮೇಲೆ ಇರಬೇಕು. ತುಂಬ ಮೇಲಿದ್ದರೆ ಪಾದದ ಅಂಚು ತಲುಪೋದಿಲ್ಲ. ಕೆಳಗೆ ಹೋದರೆ ಇನ್ನೂ ಅಪಾಯ, ಜೋರಾಗಿ ಬ್ರೇಕ್ ಹಾಕಿದಾಗ ಪಾದ ಬೇಡದೆಯೂ ಆಕ್ಸಿಲರೇಟರಿಗೆ ತಗುಲುತ್ತೆ. ಅಡ್ಡ ಅಂತರವನ್ನೂ ನೋಡಿ. ಪಾದದ ಅಗಲದ ಅರ್ಧ ಬ್ರೇಕ್ ಮೇಲೇ ಉಳಿದು ಇನ್ನರ್ಧ ಆಚೆ ಮುಟ್ಟಬೇಕು.

ಹೊಂದಿಸಬೇಕಾದರೆ ಒಂದು ನಿಯಮ ನೆನಪಿಡಿ: ಆಕ್ಸಿಲರೇಟರನ್ನು ಬ್ರೇಕಿನ ಹತ್ತಿರ ತನ್ನಿ, ಬ್ರೇಕನ್ನು ಆಕ್ಸಿಲರೇಟರಿನ ಹತ್ತಿರ ತರಬೇಡಿ. ಆಕ್ಸಿಲರೇಟರಿಗೆ ಸ್ಕ್ರೂ ಹಾಕಿ ಬಿಗಿಯುವ ಅಗಲ ಪ್ಲೇಟುಗಳು ಸಿಗುತ್ತವೆ. ಹಾಕಿದ ಮೇಲೆ ಎಂಜಿನ್ ಬಂದ್ ಇರುವಾಗಲೇ ಪೂರ್ತಿ ಒತ್ತಿ ನೋಡಿ: ಮ್ಯಾಟಿಗೆ ಸಿಕ್ಕಿಕೊಳ್ಳುತ್ತಾ? ಬಿಟ್ಟ ಕೂಡಲೇ ಮೇಲೆ ಬರುತ್ತಾ? ಪ್ಲೇಟು ಅಲ್ಲಾಡುತ್ತಾ? ಒಂದರಲ್ಲಿ ಅನುಮಾನ ಬಂದರೂ ತೆಗೆದುಹಾಕಿ.

ಬ್ರೇಕ್ ಪೆಡಲಿನ ಹಿಂದಿರುವ ರಾಡಿನ ಉದ್ದ ಬದಲಾಯಿಸಿದರೂ ಎತ್ತರ ಬದಲಾಗುತ್ತೆ ನಿಜ. ಆದರೆ ಅದು ಮೆಕ್ಯಾನಿಕ್ ಕೆಲಸ. ಆ ರಾಡಿಗೆ ಸ್ವಲ್ಪ ಸಡಿಲ ಆಟ ಇರಲೇಬೇಕು. ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನಲ್ಲಿ ಬ್ರೇಕ್ ಆಯಿಲ್ ವಾಪಸ್ ಬರುವ ಸಣ್ಣ ರಂಧ್ರ ಮುಚ್ಚಿಯೇ ಉಳಿಯುತ್ತೆ. ಆಗ ಒತ್ತಡ ಒಳಗೇ ಸಿಕ್ಕಿ, ಪ್ಯಾಡ್‌ಗಳು ಉಜ್ಜುತ್ತಲೇ ಇರುತ್ತವೆ, ಬಿಸಿಯಾಗುತ್ತವೆ. ಬಿಸಿಯಾದ ಆಯಿಲ್ ಹಿಗ್ಗಿ ಒತ್ತಡ ಇನ್ನೂ ಏರುತ್ತೆ. ಕೊನೆಗೆ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳಬಹುದು. ಹಿಂದಿನ ಬ್ರೇಕ್ ಲೈಟ್ ಕೂಡ ಅದೇ ಪೆಡಲಿನ ಸ್ವಿಚ್ಚಿನಿಂದ ಉರಿಯೋದು ಅನ್ನೋದನ್ನು ಮರೆಯಬೇಡಿ. ಇನ್ನೊಂದು ವಿಷಯ: ಕೇಬಲ್ ಇಲ್ಲದ, ಎಲೆಕ್ಟ್ರಾನಿಕ್ ಆಕ್ಸಿಲರೇಟರಿನ ಹಲವು ಹೊಸ ಕಾರುಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಎಂಜಿನ್ನಿನ ಶಕ್ತಿ ಕಡಿಮೆ ಮಾಡುತ್ತೆ. ಅದು ಸುರಕ್ಷತೆಗಾಗಿ ಇಟ್ಟ ವ್ಯವಸ್ಥೆ, ಅದನ್ನು ಕೆಣಕಬೇಡಿ.

ಈಗ ಕಾಲು. ಹೆಸರು ಹೀಲ್-ಟೋ ಆದರೂ ಇವತ್ತಿನ ಹೆಚ್ಚಿನ ಕಾರುಗಳಲ್ಲಿ ಹಿಮ್ಮಡಿಗೆ ಕೆಲಸ ಕಡಿಮೆ. ಹೆಬ್ಬೆರಳ ಬುಡದ ಉಬ್ಬು ಬ್ರೇಕಿನ ಬಲ ಅಂಚಿನ ಮೇಲೆ, ಕಿರುಬೆರಳ ಕಡೆಯ ಅಂಚು ಆಕ್ಸಿಲರೇಟರ್ ಮೇಲೆ. ಪಾದವನ್ನು ಬಲಕ್ಕೆ ಹೊರಳಿಸಿದರೆ ಸಾಕು. ನಮ್ಮ ಪಾದ ಈ ದಿಕ್ಕಿಗೆ, ಅಂದ್ರೆ ಹೊರ ಅಂಚು ಕೆಳಗಾಗುವ ಹಾಗೆ, ಇನ್ನೊಂದು ದಿಕ್ಕಿಗಿಂತ ಹೆಚ್ಚು ಹೊರಳುತ್ತೆ. ಅದು ನಮ್ಮ ಅದೃಷ್ಟ. ಪೆಡಲ್‌ಗಳು ದೂರ ಇದ್ದರೆ ಮಾತ್ರ ತೊಡೆಯನ್ನು ಒಳಕ್ಕೆ ತಿರುಗಿಸಿ ಹಿಮ್ಮಡಿಯನ್ನು ಬಲಕ್ಕೆ ತಂದು ಒತ್ತಬೇಕಾಗುತ್ತೆ. ಹವಾಯಿ ಚಪ್ಪಲಿ ಬೇಡ, ತೆಳು ಅಟ್ಟೆಯ ಶೂ ಇರಲಿ.

ಕಷ್ಟ ಎಲ್ಲಿದೆ ಅಂದ್ರೆ, ಮೀನಖಂಡದ ಸ್ನಾಯುಗಳು ಬ್ರೇಕಿನ ಒತ್ತಡವನ್ನು ಒಂದೇ ಸಮ ಹಿಡಿದಿರಬೇಕು, ಅದೇ ಹೊತ್ತಿಗೆ ಪಾದ ಹೊರಳಬೇಕು. ಶುರುವಿನಲ್ಲಿ ಎಲ್ಲರಿಗೂ ಆಕ್ಸಿಲರೇಟರ್ ತಟ್ಟಿದಾಗ ಬ್ರೇಕ್ ಕೂಡ ಜೋರಾಗುತ್ತೆ. ಇದನ್ನು ಆ ಕ್ಷಣದಲ್ಲೇ ನೋಡಿ ಸರಿಮಾಡೋಕೆ ಆಗೋದಿಲ್ಲ. ಯಾಕಂದ್ರೆ ಕಣ್ಣಿಗೆ ಬಿದ್ದ ತಪ್ಪು ಸ್ನಾಯುವಿಗೆ ಆದೇಶವಾಗಿ ಬರೋಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ಹಿಡಿಯುತ್ತೆ. ಅಷ್ಟರಲ್ಲಿ ತಟ್ಟಿ ಮುಗಿದಿರುತ್ತೆ. ಹಾಗಾಗಿ ಮಿದುಳು ಚಲನೆಯನ್ನು ಮೊದಲೇ ಲೆಕ್ಕ ಹಾಕಿ ಕಳಿಸಬೇಕು. ಕಿರುಮಿದುಳು ಮಾಡೋದು ಇದನ್ನೇ: ಪ್ರತಿ ಸಲದ ತಪ್ಪನ್ನು ದಾಖಲಿಸಿ ಮುಂದಿನ ಸಲದ ಆದೇಶವನ್ನು ತಿದ್ದೋದು. ಒಂದೇ ದಿನ ಎರಡು ಗಂಟೆ ಒದ್ದಾಡೋದಕ್ಕಿಂತ ದಿನಾ ಹತ್ತು ನಿಮಿಷ ಮಾಡೋದು ಒಳ್ಳೇದು. ನಡುವಿನ ನಿದ್ದೆಯಲ್ಲೂ ಕಲಿಕೆ ಗಟ್ಟಿಯಾಗುತ್ತೆ.

ಅಭ್ಯಾಸದ ಕ್ರಮ ಹೀಗಿರಲಿ. ಮೊದಲ ಹಂತ, ನಿಂತ ಕಾರಿನಲ್ಲಿ, ನ್ಯೂಟ್ರಲ್‌ನಲ್ಲಿ: ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ತಟ್ಟಿ, ಬ್ರೇಕ್ ಪೆಡಲ್ ಅಲುಗದ ಹಾಗೆ. ಎರಡನೇ ಹಂತ, ವಾಹನಗಳೇ ಇಲ್ಲದ ಖಾಸಗಿ ಜಾಗದಲ್ಲಿ, ಬ್ರೇಕ್ ಇಲ್ಲದೆ: ಕ್ಲಚ್ ಒತ್ತಿ, ಗೇರ್ ಇಳಿಸಿ, ತಟ್ಟಿ, ಕ್ಲಚ್ ಬಿಡಿ. ಗಾಡಿ ಮುಂದಕ್ಕೆ ಬಾಗಿದರೆ ತಟ್ಟಿದ್ದು ಕಡಿಮೆ, ಮುಂದಕ್ಕೆ ಜಿಗಿದರೆ ಜಾಸ್ತಿ. ಮೂರನೇ ಹಂತದಲ್ಲಿ ಎರಡನ್ನೂ ಸೇರಿಸಿ: ಮೊದಲು ಬ್ರೇಕ್, ವೇಗ ಇಳಿದ ಮೇಲೆ ಕ್ಲಚ್, ಗೇರ್, ತಟ್ಟು, ಕ್ಲಚ್ ಬಿಡು. ಬ್ರೇಕ್ ಮಾತ್ರ ಉದ್ದಕ್ಕೂ ಒಂದೇ ಸಮ. ವೇಗ ಇಳಿಯುವ ಮೊದಲೇ ಗೇರ್ ಇಳಿಸಬೇಡಿ. ನಮ್ಮ ಉದಾಹರಣೆಯ ಕಾರನ್ನು ಗಂಟೆಗೆ 100 ಕಿಲೋಮೀಟರಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಎಂಜಿನ್ 7,300 ಸುತ್ತು ತಿರುಗಬೇಕು. ಎಷ್ಟೋ ಎಂಜಿನ್ನುಗಳು ಅದನ್ನು ತಾಳೋದಿಲ್ಲ.

ಕೊನೆಗೆ ಘಾಟಿ. 1,200 ಕೆಜಿ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. 18 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಅದು. ಎಲ್ಲವನ್ನೂ ಬ್ರೇಕಿಗೇ ಕೊಟ್ಟರೆ ಬ್ರೇಕ್ ಆಯಿಲ್ ಕುದಿಯಬಹುದು. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವಾಂಶ ಹೀರಿಕೊಂಡ ಮೇಲೆ ಅದಕ್ಕಿರುವ ಕನಿಷ್ಠ ಮಟ್ಟ 155. ಕರಾವಳಿಯ ಗಾಳಿ ವಕ್ರಾದ್ದಾಗಲಿ ಮಂಗಳೂರಿನದ್ದಾಗಲಿ, ತೇವ ತೇವವೇ. ಕುದಿದಾಗ ಗುಳ್ಳೆ ಬಂದು ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತೆ. ಆಗ ಹೀಲ್-ಟೋ ಅಲ್ಲ, ಬರೀ ಬ್ರೇಕೂ ಸಿಗೋದಿಲ್ಲ. ಪೆಡಲ್ ಮೆತ್ತಗೆ ಅನ್ನಿಸಿದರೆ ಅದು ಎಚ್ಚರಿಕೆ: ನಿಲ್ಲಿಸಿ, ಆರಲು ಬಿಡಿ.

ಆದ್ದರಿಂದ ಆಗುಂಬೆ ಇಳಿಯುವಾಗ ಹೀಲ್-ಟೋ ತೋರಿಸೋಕೆ ಹೋಗಬೇಡಿ. ಇಳಿಜಾರು ಶುರುವಾಗುವ ಮೊದಲೇ, ನೇರ ರಸ್ತೆಯಲ್ಲೇ, ಸಣ್ಣ ಗೇರಿಗೆ ಬಂದುಬಿಡಿ. ತಟ್ಟಿ ಹಾಕೋದು ಗೊತ್ತಿದ್ದರೆ ಜರ್ಕ್ ಇರೋದಿಲ್ಲ, ಆಮೇಲೆ ಎಂಜಿನ್ನೇ ತಡೆಯುತ್ತೆ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಹಾಕುವವರಿಗೂ ಒಂದು ಮಾತು: ಫ್ಯುಯೆಲ್ ಇಂಜೆಕ್ಷನ್ ಕಾರು ಗೇರಿನಲ್ಲಿ, ಕಾಲು ತೆಗೆದು ಇಳಿಯುವಾಗ ಪೆಟ್ರೋಲನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಉರಿಯುತ್ತಿರೋಕೆ ಪೆಟ್ರೋಲ್ ಬೇಕೇ ಬೇಕು. ಅಂದ್ರೆ ಅದರಲ್ಲಿ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಈ ಸಲ ಊರಿಗೆ ಹೋದವರು ಕೀಲಿ ಕೈಗೆ ಬಂದ ಕೂಡಲೇ ಮೊದಲ ಹತ್ತು ನಿಮಿಷ ಮನೆ ಅಂಗಳದಲ್ಲಿ ನಿಂತ ಕಾರಿನಲ್ಲೇ ಕಾಲಿಗೆ ಪಾಠ ಮಾಡಿ, ಬ್ರೇಕ್ ಆಯಿಲ್ ಬದಲಾಯಿಸಿದ್ದು ಯಾವಾಗ ಅಂತ ಕೇಳಿ.