ಹಳೇ ಮಾರುತಿ ಬುಡಕ್ಕ ಜಂಗ ಹಿಡಿದ್ರ

ತಮ್ಮಾ, ನಿಮ್ಮಪ್ಪನ ಮಾರುತಿ 800 ಗುಜರಿಗೆ ಹಾಕೂದಿಲ್ಲ ಅಂದಿಯಲ್ಲ, ಚಲೋ ಆತು. 1983ರಾಗ ಬಂದ ಗಾಡಿ 2014ಕ್ಕ ನಿಂತು ಹೋತು, ಇನ್ನ ಹೊಸಾದು ಸಿಗೂದಿಲ್ಲ. ಬುಡದ ಪತ್ರಾ ಮಾಡಿಸೂಕಿಂತ ಮೊದಲು ಇಷ್ಟು ಕೇಳು.

• ನೀರು ಎಲ್ಲಿಂದ ಬರತೈತಿ ಹುಡುಕು. ಜಂಗ ಕೆಳಗಿಂದಷ್ಟ ಅಲ್ಲ, ಒಳಗಿಂದನೂ ತಿಂತೈತಿ. ಮುಂದಿನ ಗ್ಲಾಸಿನ ರಬ್ಬರ್ ಸೀಳಿದ್ರ, ಬಾಗಿಲ ತಳದ ತೂತು ಮಣ್ಣಿನಿಂದ ಮುಚ್ಚಿದ್ರ, ನೀರು ಮ್ಯಾಟ್ ಕೆಳಗ ಇಳಿದು ತಿಂಗಳಾನುಗಟ್ಟಲೆ ಅಲ್ಲೇ ಕುಂದರತೈತಿ. ಅದನ್ನ ಬಿಟ್ಟು ಪತ್ರಾ ಹಾಕಿಸಿದ್ರ ರೊಕ್ಕ ಹೊಳಿಗೆ ಹಾಕಿದಂಗ.

• ನಮ್ಮ ಎರಿ ಮಣ್ಣು ಚಕ್ರದ ಸಂದ್ಯಾಗ ಮೆತ್ತಿಕೊಂಡ್ರ ಹಸಿ ಆರೂದ ಇಲ್ಲ. ಮಳಿಗಾಲದಾಗ ಬುಡ ತೊಳಿ. ಆದರ ತಂಗಡಗಿ ನೀಲಮ್ಮನ ಗುಡಿಗೆ ಹೋದಾಗ ಗಾಡಿ ಕೃಷ್ಣಾ ಹೊಳಿಗೆ ಇಳಿಸಬ್ಯಾಡ. ದಂಡಿ ಮ್ಯಾಲೆ ನಿಲ್ಲಿಸು.

• ಯೂರಿಯಾ ಚೀಲ ಹಿಂದಿನ ಸೀಟಿನ ಮ್ಯಾಲೆ ಹೊರಬ್ಯಾಡ. ಸೋರಿದ ಗೊಬ್ಬರ ಹಸಿ ಹಿಡಿದು ಪತ್ರಾ ತಿಂತೈತಿ. ಅದಕ್ಕ ಟ್ರ್ಯಾಕ್ಟರ್ ಐತಲ್ಲ!

• ಸೀಟು, ಮ್ಯಾಟು ಎಲ್ಲಾ ತಗಿಸಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡು. ಬಣ್ಣ ಉಬ್ಬಿದಲ್ಲೆ ಒಳಗ ಪುಡಿ ಇರತೈತಿ. ಈ ಗಾಡಿಗೆ ಲಾರಿಯಂಗ ಬ್ಯಾರೆ ಚಾಸಿಸ್ ಇಲ್ಲ, ಭಾರ ತಡಿಯೂದು ಈ ಪತ್ರಾನ. ಸೀಟಿನ ಬೋಲ್ಟ್, ಬೆಲ್ಟಿನ ಬೋಲ್ಟ್, ಜ್ಯಾಕ್ ಹಚ್ಚೂ ಜಾಗ, ಬಾಗಿಲ ಕೆಳಗಿನ ಪಟ್ಟಿ ಇಷ್ಟರಾಗ ಎಲ್ಲೇ ಮೆತ್ತಗಾಗಿದ್ರೂ ಸಾದಾ ತೇಪಿ ಸಾಲೂದಿಲ್ಲ. ಅಲ್ಲಿ ಪಳಗಿದ ಕೈ ಬೇಕು, ಮುದ್ದೇಬಿಹಾಳ ಆಗದಿದ್ರ ವಿಜಯಪುರಕ್ಕ ಒಯ್ಯಿ.

• ಜಂಗಿನ ಮ್ಯಾಲೆ ಪತ್ರಾ ಹೊದಿಸೂದು, ಎಂಸೀಲ್ ಮೆತ್ತೂದು, ಡಾಂಬರ್ ಬಳಿಯೂದು ಮೂರೂ ಬ್ಯಾಡ. ಹೊಳಪಿನ ಗಟ್ಟಿ ಲೋಹ ಸಿಗೂತನಕ ಕತ್ತರಿಸಬೇಕು. 20 ಗೇಜಿನ ಪತ್ರಾ ಸಾಕು. ದಪ್ಪಂದು ಹಾಕಿದ್ರ ಪಕ್ಕದ ಹಳೇ ಪತ್ರಾ ಸುಟ್ಟು ತೂತು ಬೀಳತೈತಿ.

• ಗ್ಯಾಸ್ ವೆಲ್ಡಿಂಗಿಗೆ ಪತ್ರಾ ಕಾದು ಸೊಟ್ಟಾಗತೈತಿ. ಸಿಒಟು ವೆಲ್ಡಿಂಗ್ ಮಾಡಿಸು. ಒಂದೇ ಏಟಿಗೆ ಗೆರಿ ಎಳಿಬಾರದು. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಆರಿದ ಮ್ಯಾಲೆ ನಡುವಿಂದು.

• ವೆಲ್ಡಿಂಗಿಗಿಂತ ಮೊದಲು ಬ್ಯಾಟರಿ ತಂತಿ ಬಿಚ್ಚಿಸು. ಪೆಟ್ರೋಲ್ ಪೈಪು, ಬ್ರೇಕ್ ಪೈಪು ಬುಡದಾಗ ಹಾದಾವು, ಬಿಚ್ಚಿ ಸರಿಸಬೇಕು. ಕಿಡಿ ಹಾರೂ ಕಡೆ ಟ್ಯಾಂಕ್ ಇದ್ರ ಅದನ್ನೂ ಇಳಿಸಬೇಕು. ನೀರು, ಮರಳು ಹತ್ರ ಇರಲಿ. ಇದರಾಗ ಅವಸರ ಮಾಡೂ ಮಿಸ್ತ್ರಿ ಎಷ್ಟ ಸೋವಿ ಇದ್ರೂ ಬ್ಯಾಡ.

• ಮುಗದ ಮ್ಯಾಲೆ ಎರಡೂ ಮಗ್ಗಲ ಪ್ರೈಮರ್, ಜೋಡಿಗೆ ಸೀಲರ್, ಆಮ್ಯಾಲೆ ಕೆಳಗ ಅಂಡರ್‌ಕೋಟಿಂಗ್. ನೀರು ಹೋಗೂ ತೂತು ಮಾತ್ರ ಮುಚ್ಚಬ್ಯಾಡ.

• 15 ವರ್ಷ ದಾಟಿದ ಗಾಡಿ ಆರ್‌ಸಿ ಐದೈದು ವರ್ಷಕ್ಕ ನವೀಕರಣ ಆಗಬೇಕು. ಆರ್‌ಟಿಒಕ್ಕ ಗಾಡಿ ಒಯ್ಯೂಕಿಂತ ಮೊದಲ ಈ ಕೆಲಸ ಮುಗಿಸು.

• ಬಣ್ಣ ಹಚ್ಚೂ ಮೊದಲ ವೆಲ್ಡಿಂಗಿನ ಫೋಟೊ ತಗಿ. ತಗಿಯಾಕ ಬಿಡದ ಗ್ಯಾರೇಜಿನಾಗ ಗಾಡಿ ಬಿಡಬ್ಯಾಡ.